ಸಕ್ಕರೆ ಕಾಯಿಲೆಯೊಂದಿಗೆ ಇಂಗ್ಲೆಂಡಿಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ ಬರುವ ಹೊಸಬರಿಗೆ

ಇಲ್ಲಿಯ ಮೀಟರ್‌ನಲ್ಲಿ 7 ಅಂತ ಬಂದರೆ ಮೀಟರ್ ಕೆಟ್ಟಿಲ್ಲ, ನಿಮ್ಮ ಶುಗರ್ ಪಾತಾಳಕ್ಕೂ ಇಳಿದಿಲ್ಲ. ಊರಲ್ಲಿ ಲೆಕ್ಕ ಮಿಲಿಗ್ರಾಂನಲ್ಲಿ, ಇಲ್ಲಿ ಮಿಲಿಮೋಲ್‌ನಲ್ಲಿ. ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ: 4 ಅಂದರೆ 72, 7 ಅಂದರೆ 126, 10 ಅಂದರೆ 180. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೂ ಇಲ್ಲಿ ಬೇರೆ ಅಳತೆ. ಊರಿನ ಶೇ 7 ಇಲ್ಲಿ 53, ಶೇ 8 ಇಲ್ಲಿ 64. ನರ್ಸ್ ಫೋನಿನಲ್ಲಿ "ಐವತ್ಮೂರು" ಎಂದರೆ ಶುಗರ್ ಇಳಿದಿದೆ ಎಂದುಕೊಂಡು ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಡಿ. ಕಾಯಿಲೆ ಅದೇ, ಬದಲಾಗುವುದು ಅಂಕಿ, ಹೆಸರು ಮತ್ತು ಊಟದ ಹೊತ್ತು. ಮೊದಲ ತಿಂಗಳ ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಈ ಮೂರರಲ್ಲೇ.

ಹೊರಡುವ ಮೊದಲು ನಿಮ್ಮ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಗುಳಿಗೆಯ ಕಂಪನಿ ಹೆಸರಲ್ಲ, ಒಳಗಿನ ಮದ್ದಿನ ಹೆಸರು ಇರಬೇಕು, ಪ್ರತಿಯೊಂದೂ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದೂ ಇರಬೇಕು. ಊರಲ್ಲಿ ಒಂದೇ ಗುಳಿಗೆಯಲ್ಲಿ ಎರಡು-ಮೂರು ಮದ್ದು ಸೇರಿಸಿ ಕೊಡುವುದು ರೂಢಿ. ಇಲ್ಲಿ ಅವನ್ನು ಬಿಡಿಬಿಡಿಯಾಗಿ ಬರೆಯುತ್ತಾರೆ, ಕೆಲವು ಸಿಗುವುದೇ ಇಲ್ಲ. ವೋಗ್ಲಿಬೋಸ್ ಮತ್ತು ಟೆನೆಲಿಗ್ಲಿಪ್ಟಿನ್ ಎಂಬ ಶುಗರ್ ಮದ್ದುಗಳು ಇಲ್ಲಿ ಬಳಕೆಯಲ್ಲಿಲ್ಲ, ಡಾಕ್ಟರ್ ಬದಲಿ ಕೊಡುತ್ತಾರೆ. ಕಾಲುರಿಗೆ ಪ್ರಿಗಬಾಲಿನ್ ಅಥವಾ ಗಬಾಪೆಂಟಿನ್ ತಗೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು: 2019ರ ಏಪ್ರಿಲ್‌ನಿಂದ ಇವು ಇಲ್ಲಿ ನಿಯಂತ್ರಿತ ಮದ್ದು. ಪತ್ರ, ಚೀಟಿ, ಮೂಲ ಡಬ್ಬಿ ಮೂರೂ ಕೈಚೀಲದಲ್ಲಿರಲಿ. ಮೀಟರಿನ ಪಟ್ಟಿಗಳನ್ನು (ಸ್ಟ್ರಿಪ್) ಎರಡು ಡಬ್ಬಿ ಹೆಚ್ಚಿಗೆ ತನ್ನಿ. ಊರಿನ ಮೀಟರಿಗೆ ಹೊಂದುವ ಪಟ್ಟಿ ಇಲ್ಲಿ ಸಿಗುತ್ತದೆ ಎಂಬ ಭರವಸೆಯಿಲ್ಲ, ಬರೀ ಮೆಟ್‌ಫಾರ್ಮಿನ್ ಮೇಲಿರುವವರಿಗೆ ಸರ್ಕಾರಿ ಖರ್ಚಿನಲ್ಲಿ ಪಟ್ಟಿ ಕೊಡುವುದೂ ಅಪರೂಪ.

ಇನ್ಸುಲಿನ್ ತಗೊಳ್ಳುವವರು ಮುಂದಿನದನ್ನು ಎರಡು ಸಲ ಓದಿ. ಊರಲ್ಲಿ ಸಿಗುವ ಬಾಟಲಿಗಳಲ್ಲಿ ಬಹಳಷ್ಟು ಒಂದು ಮಿಲಿಲೀಟರಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜ್. ಇಲ್ಲಿಯ ಮಾಮೂಲಿ ಇನ್ಸುಲಿನ್ 100 ಯೂನಿಟ್‌ನದು, ಸಿರಿಂಜಿನ ಟೊಪ್ಪಿಗೆ ಕಿತ್ತಳೆ ಬಣ್ಣದ್ದು. ಇಲ್ಲಿಯ ಬಾಟಲಿಯಿಂದ ಊರಿನ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಮಾಡಿದರೆ, ಊರಿನ ಬಾಟಲಿಗೆ ಇಲ್ಲಿಯ ಸಿರಿಂಜ್ ಹಾಕಿದರೆ, 20ರ ಬದಲು 8 ಯೂನಿಟ್ ಮಾತ್ರ ಹೋಗುತ್ತದೆ. ಊರಿನ ಬಾಟಲಿ ಮುಗಿದ ದಿನವೇ ಊರಿನ ಸಿರಿಂಜಿನ ಬಳಕೆಯನ್ನೂ ನಿಲ್ಲಿಸಿಬಿಡಿ. ಸಾಧ್ಯವಿದ್ದರೆ ಹುಬ್ಬಳ್ಳಿಯಲ್ಲೇ ಡಾಕ್ಟರನ್ನು ಕೇಳಿ ಇನ್ಸುಲಿನ್ ಪೆನ್ನಿಗೆ ಬದಲಾಯಿಸಿಕೊಳ್ಳಿ. ಪೆನ್ನಿನ ಕಾರ್ಟ್ರಿಜ್ ಅಲ್ಲಿಯೂ 100 ಯೂನಿಟ್‌ನದೇ.

ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಕೆಳಗೆ ಹೋಗುವ ಲಗೇಜಿನಲ್ಲಿ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಪಶ್ಚಿಮಕ್ಕೆ ಹಾರುವುದರಿಂದ ಆ ದಿನ ಚಳಿಗಾಲದಲ್ಲಿ ಐದೂವರೆ ತಾಸು, ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಉದ್ದವಾಗುತ್ತದೆ. ರಾತ್ರಿಯ ಡೋಸನ್ನು ಯಾವ ಗಡಿಯಾರ ನೋಡಿ ತಗೋಬೇಕು ಎಂದು ಡಾಕ್ಟರ್ ಹತ್ತಿರ ಬರೆಸಿಕೊಂಡೇ ಹೊರಡಿ.

ಬಂದ ಮೊದಲ ವಾರದಲ್ಲೇ ಹತ್ತಿರದ ಜಿಪಿ (ಇಲ್ಲಿ ಮೊದಲು ನೋಡುವ ಸಾಮಾನ್ಯ ಡಾಕ್ಟರ್) ದವಾಖಾನೆಯಲ್ಲಿ ಹೆಸರು ಹಚ್ಚಿಸಿ. ವಿಳಾಸದ ದಾಖಲೆ ಇಲ್ಲವೆಂದು ನೋಂದಣಿ ನಿರಾಕರಿಸುವಂತಿಲ್ಲ. ಸ್ವಾಗತದ ಮೇಜಿನಲ್ಲಿ ಯಾರಾದರೂ ಹಾಗೆಂದರೆ ಶಾಂತವಾಗಿ ಇದನ್ನೇ ಹೇಳಿ. ಇಂಗ್ಲೆಂಡಿನಲ್ಲಿ ಒಂದೊಂದು ಮದ್ದಿಗೂ ದುಡ್ಡು ಕಟ್ಟಬೇಕು. ಆದರೆ ಶುಗರಿಗೆ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ವಿನಾಯಿತಿ ಇದೆ. ಎಫ್‌ಪಿ92ಎ ಎಂಬ ಫಾರ್ಮ್ ಜಿಪಿ ಹತ್ತಿರವೇ ಸಿಗುತ್ತದೆ. ಬರುವ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ಬಿಪಿ ಗುಳಿಗೆ ಸೇರಿ ಎಲ್ಲ ಮದ್ದಿಗೂ ಅನ್ವಯ. ಪಥ್ಯದಲ್ಲೇ ನಿಭಾಯಿಸುವವರಿಗೆ ಇದು ಇಲ್ಲ. ಪ್ರಮಾಣಪತ್ರ ಇಲ್ಲದೆ "ಉಚಿತ" ಎಂದು ಟಿಕ್ ಹಾಕಿದರೆ 100 ಪೌಂಡ್‌ವರೆಗೆ ದಂಡ. ಕಣ್ಣಿನ ಪರೀಕ್ಷೆಯ ಪತ್ರ ಅಂಚೆಯಲ್ಲಿ ಬೇರೆಯಾಗಿ ಬರುತ್ತದೆ, ಜಾಹೀರಾತೆಂದು ಕಸಕ್ಕೆ ಹಾಕಬೇಡಿ. ಅಂದು ಕಣ್ಣಿಗೆ ಹನಿ ಬಿಡುತ್ತಾರೆ, ಕಾರು ಓಡಿಸಿಕೊಂಡು ಹೋಗಬೇಡಿ. ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕೆಂದು ಮೊದಲೇ ಕೇಳಿ. ಅದು ಉಚಿತ, ಶಾಲೆ ಬಿಡಿಸಿ ಮಗಳನ್ನು ಕರೆದೊಯ್ಯುವುದು ತಪ್ಪುತ್ತದೆ.

ಇನ್ಸುಲಿನ್ ಮೇಲಿದ್ದು ಕಾರು ಓಡಿಸುವವರು ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕು. ಹೊರಡುವ ಎರಡು ತಾಸಿನೊಳಗೆ ಒಮ್ಮೆ, ದಾರಿಯಲ್ಲಿ ಎರಡೆರಡು ತಾಸಿಗೊಮ್ಮೆ ಶುಗರ್ ನೋಡಬೇಕು. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. 4ಕ್ಕಿಂತ ಕೆಳಗಿದ್ದರೆ, ಸರಿಯಾದ ಮೇಲೂ 45 ನಿಮಿಷ ಕಾಯಿರಿ.

ಇನ್ನು ರೊಟ್ಟಿಯ ಮಾತು. "ಶುಗರ್ ಇದ್ದವರು ಜೋಳದ ರೊಟ್ಟಿ ಎಷ್ಟಾದರೂ ತಿನಬಹುದ್ರೀ" ಎಂಬುದು ನಮ್ಮ ಕಡೆಯ ದೊಡ್ಡ ನಂಬಿಕೆ. ನಾರಿನಂಶ ಇದೆ, ಅನ್ನಕ್ಕಿಂತ ವಾಸಿ, ಸರಿ. ಆದರೆ 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟ ಇರುತ್ತದೆ. ಕಡಕ್ ರೊಟ್ಟಿ ಹಗುರ ಎಂದು ನಾಲ್ಕು ಮುರಿದರೂ ಹಿಟ್ಟು ಹಿಟ್ಟೇ. ಎರಡು ರೊಟ್ಟಿ, ಜೊತೆಗೆ ಮಡಿಕೆ ಕಾಳಿನ ಪಲ್ಯ, ಸೊಪ್ಪು, ಸೌತೆಕಾಯಿ, ಮೊಸರು ಹಾಕಿಕೊಂಡರೆ ಹೊಟ್ಟೆಯೂ ತುಂಬುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ಗುಜರಾತಿ ಅಂಗಡಿಗಳಲ್ಲಿ ಜೋಳದ ಹಿಟ್ಟಿಗೆ "ಜುವಾರ್" ಎಂದು ಕೇಳಿ. ಹಳೆಯ ಹಿಟ್ಟು ಜಿಗಿ ಬಿಟ್ಟು ಬಡಿಯುವಾಗ ಅಂಚು ಬಿರಿಯುತ್ತದೆ. ಜೋಳದಲ್ಲಿ ಗೋದಿಯ ಅಂಟು ಇಲ್ಲ, ಕುದಿಯುವ ಎಸರು ಹಾಕಿ ನಾದಿದರೇ ಅದು ಹಿಡಿದುಕೊಳ್ಳುವುದು. ಬಿರಿಯುತ್ತದೆಂದು ಮೈದಾ ಸೇರಿಸಿದರೆ ರೊಟ್ಟಿ ತಿನ್ನುವ ಕಾರಣವೇ ಹೋಯಿತು. ಅಂಗಡಿಯ ಪೊಟ್ಟಣದ ಮೇಲೆ "ಸಕ್ಕರೆ" ಎಂಬ ಸಾಲನ್ನಷ್ಟೇ ಓದಬೇಡಿ, ಅದರ ಮೇಲಿನ ಒಟ್ಟು ಕಾರ್ಬೋಹೈಡ್ರೇಟ್ ಸಾಲನ್ನು ನೋಡಿ.

ಶುಗರ್ 4ಕ್ಕಿಂತ ಇಳಿದು ಬೆವರು, ನಡುಕ, ತೊದಲು ಶುರುವಾದರೆ 15ರಿಂದ 20 ಗ್ರಾಂ ಬೇಗ ಏರುವ ಸಕ್ಕರೆ ಬೇಕು. ಒಂದು ಸಣ್ಣ ಲೋಟ, ಅಂದರೆ 150ರಿಂದ 200 ಮಿಲಿಲೀಟರ್ ಹಣ್ಣಿನ ರಸ ಕುಡಿದು, 10-15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಊರಿನಂತೆ ಕೈಗೆ ಸಿಕ್ಕ ತಂಪು ಪಾನೀಯ ನಂಬಬೇಡಿ. 2018ರ ಏಪ್ರಿಲ್‌ನಲ್ಲಿ ಇಲ್ಲಿ ಸಕ್ಕರೆ ತೆರಿಗೆ ಬಂದಾಗ ಬಹಳ ಕಂಪನಿಗಳು ಸಕ್ಕರೆ ಕಡಿಮೆ ಮಾಡಿ ಕೃತಕ ಸಿಹಿ ಹಾಕಿದವು. ಊರಿಂದ ತಂದ ವೋಗ್ಲಿಬೋಸ್ ಇನ್ನೂ ತಗೊಳ್ಳುತ್ತಿದ್ದರೆ ಅಡಿಗೆ ಮನೆಯ ಸಕ್ಕರೆಯೂ ನಿಧಾನ, ಯಾಕೆಂದರೆ ಅದನ್ನು ಒಡೆಯುವ ಕಿಣ್ವವನ್ನೇ ಆ ಮದ್ದು ತಡೆಯುತ್ತದೆ. ಅಂಥವರ ಜೇಬಿನಲ್ಲಿ ಗ್ಲೂಕೋಸ್ ಗುಳಿಗೆಯೇ ಇರಲಿ. ಧಾರವಾಡ ಪೇಡೆ? ಅದೂ ಬೇಡ. ಖೋವಾದ ಕೊಬ್ಬು ಸಕ್ಕರೆಗೆ ಅಡ್ಡಗಾಲು ಹಾಕುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ ಆಂಬುಲೆನ್ಸಿಗಾಗಿ 999ಕ್ಕೆ ಫೋನ್ ಮಾಡಿ.

ಈ ಅಪಾಯ ಹೆಚ್ಚಾಗಿ ಕಾಣುವುದು ನಮ್ಮವರ ಸಮಾರಂಭಗಳಲ್ಲೇ. ಊಟ ಒಂದಕ್ಕೆ ಎಂದು ಕಾರ್ಡಿನಲ್ಲಿರುತ್ತದೆ, ಭಾಷಣ ಮುಗಿದು ಎಲೆ ಬೀಳುವುದು ಮೂರಕ್ಕೆ. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡು ಬಂದವರ ಗತಿ? ಊಟ ಕಣ್ಣಿಗೆ ಕಂಡ ಮೇಲೆ ಚುಚ್ಚಿಕೊಳ್ಳಿ. ಸಂಘಟಕರು ಸಭಾಂಗಣದ ಮೂಲೆಯಲ್ಲಿ ಒಂದು ಮೇಜು ಹಾಕಿ ಹಣ್ಣಿನ ರಸ, ಬಿಸ್ಕೀಟು, ಒಂದು ಮೀಟರ್ ಇಟ್ಟು, ಬೇಕಾದವರಿಗೆ ಮೊದಲ ಪಂಕ್ತಿ ಬಿಟ್ಟುಕೊಡಲಿ. ಬೆರಳು ಚುಚ್ಚುವ ಸೂಜಿ ಮಾತ್ರ ಒಬ್ಬೊಬ್ಬರಿಗೆ ಬೇರೆ. "ಒಂದ ಹೋಳಿಗಿ ತಗೋರಿ, ಏನಾಗಂಗಿಲ್ಲ" ಎಂಬ ಒತ್ತಾಯ ಪ್ರೀತಿಯೇ. ಆದರೆ ಒಮ್ಮೆ ಬೇಡವೆಂದವರಿಗೆ ಎರಡನೇ ಸಲ ಬಡಿಸಬೇಡಿ.

ಒಂಟಿಯಾಗಿರುವ ವಿದ್ಯಾರ್ಥಿಗಳಿಗೆ, ವಯಸ್ಸಾದವರಿಗೆ ಜೋಡಿ ಕಟ್ಟಿಕೊಡುವುದು ಚೆನ್ನಾಗಿ ನಡೆಯುತ್ತದೆ. ಬೆಳಿಗ್ಗೆ ಎಂಟಕ್ಕೆ ಒಂದು ಸಂದೇಶ, ಒಂಬತ್ತಾದರೂ ಉತ್ತರ ಬಾರದಿದ್ದರೆ ಫೋನು, ಎತ್ತದಿದ್ದರೆ ಬಾಗಿಲಿಗೆ ಹೋಗುವುದು. ಜೋಡಿಯ ಹತ್ತಿರ ಮನೆಯ ಕೀಲಿಯೂ ಮದ್ದಿನ ಪಟ್ಟಿಯೂ ಇರಬೇಕು. ಅಕ್ಕಿ, ಹಿಟ್ಟು ಕಡ ಕೊಡಿ. ಗುಳಿಗೆ ಕೊಡಬೇಡಿ. ಇನ್ಸುಲಿನ್ ಪೆನ್ನಂತೂ ಸೂಜಿ ಬದಲಿಸಿದರೂ ಹಂಚಿಕೊಳ್ಳಬಾರದು, ಒಬ್ಬರ ರಕ್ತದ ಕಣ ಕಾರ್ಟ್ರಿಜ್ ಒಳಗೆ ಹಿಂದಕ್ಕೆ ಹೋಗಿರಬಹುದು. ವಾಂತಿ-ಭೇದಿ ಆದಾಗ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ, ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಅನುಮಾನವಿದ್ದರೆ ಆರೋಗ್ಯ ಸಲಹೆಯ ಸಹಾಯವಾಣಿ 111ಕ್ಕೆ ಕರೆ ಮಾಡಿ.

ಚಳಿಗಾಲದಲ್ಲಿ ಬೆರಳು ತಣ್ಣಗಾಗಿ ರಕ್ತ ಬರುವುದಿಲ್ಲ, ಬೆಚ್ಚಗಿನ ನೀರಲ್ಲಿ ಕೈ ತೊಳೆದು ಒರೆಸಿ ಚುಚ್ಚಿ. ಪಾದ ಜೋಮು ಹಿಡಿಯುವವರು ಹೀಟರಿಗೆ ಕಾಲು ಒಡ್ಡಬೇಡಿ, ಸುಟ್ಟಿದ್ದು ಗೊತ್ತಾಗುವುದಿಲ್ಲ. ಹಿಮ್ಮಡಿಗೆ ಮುಲಾಮು ಹಚ್ಚಿ, ಬೆರಳ ಸಂದಿಗೆ ಬೇಡ.

ತಂದೆ-ತಾಯಿಯನ್ನು ವಿಸಿಟರ್ ವೀಸಾದಲ್ಲಿ ಕರೆಸುವವರು ಅವರು ಇರುವಷ್ಟು ದಿನದ ಮದ್ದು ಊರಿಂದಲೇ ತರಿಸಿ. ವಿಮೆ ಕೊಳ್ಳುವಾಗ ಶುಗರ್ ಇರುವುದನ್ನು ಮುಚ್ಚಿಡಬೇಡಿ, ಆಸ್ಪತ್ರೆ ಸೇರಿದರೆ ಬಿಲ್ ನಿಮ್ಮದೇ. ಅವರು ವಾಪಸಾಗುವಾಗ ಇಲ್ಲಿಯ 100 ಯೂನಿಟ್ ಬಾಟಲಿ ಚೀಲದಲ್ಲಿದ್ದರೆ ಕಿತ್ತಳೆ ಟೊಪ್ಪಿಗೆಯ ಸಿರಿಂಜನ್ನೂ ಜೊತೆಗೇ ಕಟ್ಟಿಕೊಡಿ. ಹುಬ್ಬಳ್ಳಿಯ ಮನೆಯ ಕಪಾಟಿನಲ್ಲಿ ಹಳೆಯ ಕೆಂಪು ಟೊಪ್ಪಿಗೆಯವು ಇನ್ನೂ ಇರುತ್ತವೆ.