ಅಮೆರಿಕದ ಸೇನೆಗೆ ಮರಳಬೇಕೆ? ಮೊದಲು 27ನೇ ಅಂಕಣ ನೋಡಿ

ಸಲಿಂಗಿಗಳೆಂಬ ಕಾರಣಕ್ಕೆ ಸೈನಿಕರನ್ನು ಮನೆಗೆ ಕಳಿಸುತ್ತಿದ್ದ ಅಮೆರಿಕದ ‘ಕೇಳಬೇಡ, ಹೇಳಬೇಡ’ ಕಾನೂನು 2011ರ ಸೆಪ್ಟೆಂಬರ್ 20ಕ್ಕೆ ಕೊನೆಗೊಂಡಿತು. ಅದರಡಿ ಹೊರಬಿದ್ದವರು 13 ಸಾವಿರಕ್ಕೂ ಹೆಚ್ಚು. ಅವರು ಮತ್ತೆ ಸೇರಬಹುದು. ಆದರೆ ಹಳೆಯ ಕಾಗದ ಹಿಡಿದು ನೇರವಾಗಿ ನೇಮಕಾತಿ ಕಚೇರಿಗೆ ಹೋದರೆ ಬಾಗಿಲಲ್ಲೇ ತಡೆಯುತ್ತಾರೆ.

ಬಿಡುಗಡೆ ಪತ್ರ, ಅಂದರೆ ಡಿಡಿ-214, ಕೈಯಲ್ಲಿಲ್ಲದಿದ್ದರೆ ಎಸ್‌ಎಫ್‌-180 ಅರ್ಜಿ ಹಾಕಿ ತರಿಸಿಕೊಳ್ಳಿ. ಇದು ಉಚಿತ, ದುಡ್ಡು ಕೇಳುವ ಜಾಲತಾಣಗಳತ್ತ ತಿರುಗಿಯೂ ನೋಡಬೇಡಿ. ‘ಮೆಂಬರ್-4’ ಪ್ರತಿಯನ್ನೇ ಕೇಳಿ. ‘ಮೆಂಬರ್-1’ರಲ್ಲಿ ಬಿಡುಗಡೆಯ ಕಾರಣವೇ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಬಿಡುಗಡೆ ಪತ್ರದ 24ನೇ ಅಂಕಣದಲ್ಲಿ ‘ಆನರಬಲ್’, ಅಂದರೆ ಗೌರವದ ಬಿಡುಗಡೆ, ಎಂದಿದ್ದರೆ ಎಲ್ಲ ಸರಿಯಿದೆ ಎಂದುಕೊಂಡು ಪತ್ರ ಮಡಚಿಡುತ್ತಾರೆ. ಇನ್ನೂ ಕೆಳಗೆ ಓದಿ. 26ರಲ್ಲಿ ಬಿಡುಗಡೆಯ ಸಂಕೇತ, 27ರಲ್ಲಿ ಮರುಸೇರ್ಪಡೆಯ ಸಂಕೇತ, 28ರಲ್ಲಿ ಕಾರಣ. 27ರಲ್ಲಿ ‘4’ ಎಂದಿದ್ದರೆ ಗೌರವದ ಬಿಡುಗಡೆಯಾಗಿದ್ದರೂ ಸಾಮಾನ್ಯವಾಗಿ ಮರುಸೇರ್ಪಡೆ ಇಲ್ಲ. 28ರಲ್ಲಿ ಸಲಿಂಗತನದ ಮಾತಿದ್ದರೆ, ಆ ಪತ್ರ ತೋರಿಸಿದ ಕಡೆಯೆಲ್ಲ ನಿಮ್ಮ ಖಾಸಗಿ ಬದುಕು ಬಯಲು.

ಆದ್ದರಿಂದ ಈ ಪತ್ರವನ್ನು ಬದಲಿಸಿಕೊಡಲು ಅರ್ಜಿ ಹಾಕಬೇಕು. ಅದರಲ್ಲಿ ‘ನ್ಯಾಯ ಕೊಡಿ’ ಎಂದಷ್ಟೇ ಬರೆದರೆ ಸಾಲದು. ಒಂದೊಂದನ್ನೂ ಬಿಡಿಸಿ ಕೇಳಿ: 28ರ ಕಾರಣ ‘ಸೆಕ್ರೆಟೇರಿಯಲ್ ಅಥಾರಿಟಿ’ (ಕಾರ್ಯದರ್ಶಿಯ ಅಧಿಕಾರದ ಮೇರೆಗೆ) ಆಗಲಿ, 26ರ ಸಂಕೇತ ಅದಕ್ಕೆ ಹೊಂದುವ ಜೆಎಫ್‌ಎಫ್ ಆಗಲಿ, 27ನೇ ಅಂಕಣ ತಕ್ಷಣ ಸೇರಬಹುದಾದ ವರ್ಗಕ್ಕೆ ಬದಲಾಗಲಿ, 24ರಲ್ಲಿ ಕೊರತೆಯಿದ್ದರೆ ‘ಆನರಬಲ್’ ಆಗಲಿ. ಸಾಮಾನ್ಯವಾಗಿ ಇವನ್ನು ಒಪ್ಪಬೇಕೆಂದು ರಕ್ಷಣಾ ಇಲಾಖೆ 2011ರಲ್ಲೇ ಸೂಚಿಸಿದೆ. ಷರತ್ತು ಎರಡು: ಬಿಡುಗಡೆಗೆ ಆ ನೀತಿಯೊಂದೇ ಕಾರಣವಾಗಿರಬೇಕು, ಜೊತೆಗೆ ದುರ್ನಡತೆಯಂಥ ಆರೋಪ ಅಂಟಿರಬಾರದು. ಇದನ್ನು ತೋರಿಸುವ ಹಾಳೆಗಳು ನಿಮ್ಮ ಸೇವಾ ಕಡತದಲ್ಲಿರುತ್ತವೆ. ಅವಿಲ್ಲದೆ ಅರ್ಜಿ ಕಳಿಸಲೇಬೇಡಿ.

ಬಿಡುಗಡೆಯಾಗಿ 15 ವರ್ಷದೊಳಗಿದ್ದರೆ ಈ ಅರ್ಜಿಯನ್ನು ಡಿಡಿ-293 ನಮೂನೆಯಲ್ಲಿ, ದಾಟಿದ್ದರೆ ಡಿಡಿ-149ರಲ್ಲಿ ಹಾಕಿ. ಈಗ ಬಹುತೇಕರಿಗೆ ಎರಡನೆಯದೇ ದಾರಿ. ಅದರಲ್ಲಿ ಮೂರು ವರ್ಷದ ಗಡುವಿನ ಪ್ರಶ್ನೆ ಬರುತ್ತದೆ. ಹೆದರಿ ಖಾಲಿ ಬಿಡಬೇಡಿ. ನ್ಯಾಯದ ದೃಷ್ಟಿಯಿಂದ ವಿಳಂಬ ಮನ್ನಿಸುವ ಅಧಿಕಾರ ಅರ್ಜಿ ಪರಿಶೀಲಿಸುವ ಮಂಡಳಿಗಿದೆ. ತಡವಾದದ್ದೇಕೆಂದು ನಾಲ್ಕು ಸಾಲು ಬರೆಯಿರಿ.

ತಿದ್ದುಪಡಿಯ ಹಾಳೆ ಡಿಡಿ-215 ಬೇಡ, ಹೊಸ ಡಿಡಿ-214 ಬೇಕೆಂದು ಅರ್ಜಿಯಲ್ಲೇ ಕೇಳಿ. ತಿದ್ದುಪಡಿ ಹಾಳೆಯ ಹಿಂದೆ ಹಳೆಯ ಪತ್ರ ಹಾಗೇ ಉಳಿಯುತ್ತದೆ.

ಆಮೇಲೆ ಎಲ್ಲರಂತೆ ವಯಸ್ಸು, ವೈದ್ಯಕೀಯ ತಪಾಸಣೆ, ಖಾಲಿ ಹುದ್ದೆ. ಹಳೆಯ ದರ್ಜೆಯೇ ಸಿಗುತ್ತದೆಂಬ ಖಾತ್ರಿಯಿಲ್ಲ. ಪೂರ್ಣಾವಧಿ ಸೇವೆಯಲ್ಲಿ ಜಾಗವಿಲ್ಲ ಎಂದರೆ ಮೀಸಲು ಪಡೆಯಲ್ಲೂ ರಾಜ್ಯಗಳ ಸೇನಾಪಡೆಯಾದ ನ್ಯಾಷನಲ್ ಗಾರ್ಡ್‌ನಲ್ಲೂ ವಿಚಾರಿಸಿ.