ಪಾದದ ತಜ್ಞರು ದೂರವಿದ್ದರೆ: ಹೋಗುವ ಮೊದಲು ಊರಲ್ಲೇ ಮಾಡಬೇಕಾದ ಕೆಲಸ

ಪಾದ ಮತ್ತು ಪಾದದ ಗಂಟನ್ನು ಮಾತ್ರ ನೋಡುವ ತಜ್ಞರು ಸಾಮಾನ್ಯವಾಗಿ ದೊಡ್ಡ ನಗರಗಳಲ್ಲೇ ಇರುತ್ತಾರೆ. ಬೆಟ್ಟದ ಮೇಲೋ, ಕಾಡಿನಂಚಲ್ಲೋ, ದ್ವೀಪದಲ್ಲೋ ಇರುವವರಿಗೆ ಅವರನ್ನು ಕಂಡು ಬರಲು ಇಡೀ ದಿನ ಬೇಕು, ಕೆಲವೊಮ್ಮೆ ಎರಡು ಮೂರು ದಿನ. ಹಾಗಾಗಿ ಎರಡು ಎಡವಟ್ಟು ಆಗುತ್ತವೆ. ತಕ್ಷಣ ಹೊರಡಬೇಕಾದ ದಿನ ‘ನಾಳೆ ನೋಡೋಣ’ ಅಂತ ಸುಮ್ನೆ ಕೂತಿರುತ್ತಾರೆ. ಕೊನೆಗೆ ಹೋದಾಗ ಬೇಕಾದ ಎಕ್ಸ್‌ರೇ ಇರುವುದಿಲ್ಲ, ಹಳೆಯ ಚೀಟಿ ಇರುವುದಿಲ್ಲ. ‘ಇನ್ನೊಮ್ಮೆ ಬನ್ನಿ’ ಅನ್ನಿಸಿಕೊಂಡು ವಾಪಸ್ ಬರುತ್ತಾರೆ.

ಪಾದದ ಪರೀಕ್ಷೆಯಲ್ಲಿ ದೊಡ್ಡ ಯಂತ್ರಗಳ ಕೆಲಸ ಕಡಿಮೆ. ಕಣ್ಣು, ಬೆರಳು ಮತ್ತು ನಾಲ್ಕು ಹೆಜ್ಜೆ ನಡಿಗೆಯಿಂದಲೇ ಜಾಸ್ತಿ ವಿಷಯ ಗೊತ್ತಾಗುತ್ತದೆ. ಅದನ್ನು ಮನೆಯವರು ಅಥವಾ ಊರಿನ ಆರೋಗ್ಯ ಕಾರ್ಯಕರ್ತರು ಮೊದಲೇ ಮಾಡಿಟ್ಟುಕೊಂಡರೆ ಪ್ರಯಾಣ ದಂಡವಾಗುವುದಿಲ್ಲ.

ಹಂತ 1: ಇವತ್ತೇ ಹೊರಡಬೇಕಾ, ಕಾಯಬಹುದಾ?

ಕೆಲವಕ್ಕೆ ಯೋಚನೆಯೇ ಬೇಡ. ಮೂಳೆ ಚರ್ಮ ಸೀಳಿ ಹೊರಬಂದಿದೆ, ಪಾದ ಒಂದು ಕಡೆಗೆ ತಿರುಗಿಕೊಂಡಿದೆ, ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿವೆ ಅಥವಾ ನೀಲಿಯಾಗಿವೆ, ಗಾಯದ ಸುತ್ತ ಕೆಂಪು ಹರಡುತ್ತಾ ಜ್ವರ ಬಂದಿದೆ, ಬೆರಳು ಕಪ್ಪಾಗುತ್ತಿದೆ. ಇಂಥವು ಯಾವುದಿದ್ದರೂ ಪಾದದ ತಜ್ಞರನ್ನು ಹುಡುಕುತ್ತಾ ಕೂರಬೇಡಿ. ಹತ್ತಿರದ ತುರ್ತು ಚಿಕಿತ್ಸೆಗೆ ಹೊರಡಿ. ತೆರೆದ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿ. ಕಾಲು ಅಲ್ಲಾಡದಂತೆ ಆಧಾರ ಕಟ್ಟಿ. ಎಳೆದು ನೆಟ್ಟಗೆ ಮಾಡಲು ಹೋಗಬೇಡಿ.

ಹಿಮ್ಮಡಿಯ ಹಿಂದೆ ‘ಟಪ್’ ಅಂದು, ಯಾರೋ ಹಿಂದಿನಿಂದ ಒದ್ದ ಹಾಗಾಯಿತು ಅಂತ ಯಾರಾದರೂ ಹೇಳಿದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ನಾರು ಹರಿದಿರಬಹುದು. ಅವರನ್ನು ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗೆ ಇಳಿಬಿದ್ದಿರಲಿ. ಮೀನಖಂಡವನ್ನು ಕೈಯಲ್ಲಿ ಹಿಂಡಿ ನೋಡಿ. ನಾರು ಗಟ್ಟಿಯಾಗಿದ್ದರೆ ಪಾದ ಕೆಳಕ್ಕೆ ಬಾಗುತ್ತದೆ. ಬಾಗದಿದ್ದರೆ ಹರಿದಿರುವ ಸಾಧ್ಯತೆಯೇ ಹೆಚ್ಚು. ಈ ರೋಗಿ ಹೇಗೋ ಕುಂಟಿಕೊಂಡು ಓಡಾಡುತ್ತಾನೆ, ಬೆರಳೂ ಅಲ್ಲಾಡಿಸುತ್ತಾನೆ. ಹಾಗಾಗಿ ‘ಉಳುಕು’ ಅಂತ ಬಿಟ್ಟುಬಿಡುತ್ತಾರೆ. ಮೊದಲ ಕೆಲವು ದಿನಗಳಲ್ಲೇ ತೋರಿಸಿದರೆ ಎಷ್ಟೋ ಸಲ ಆಪರೇಷನ್ ಇಲ್ಲದೆ, ವಿಶೇಷ ಬೂಟು ಮತ್ತು ವ್ಯಾಯಾಮದಲ್ಲೇ ಕೂಡಿಕೊಳ್ಳುತ್ತದೆ. 4 ವಾರ ದಾಟಿತೆಂದರೆ ಅದು ಹಳೆಯ ಗಾಯ, ಚಿಕಿತ್ಸೆಯೂ ದೊಡ್ಡದು.

ಹಂತ 2: ಉಳುಕಿದ ಕಾಲಿಗೆ ಎಕ್ಸ್‌ರೇ ಬೇಕೋ ಬೇಡವೋ

ದೂರದೂರಿನವರಿಗೆ ಜಾಸ್ತಿ ಉಪಯೋಗಕ್ಕೆ ಬರುವ ಪರೀಕ್ಷೆ ಇದು. 1990ರ ದಶಕದ ಆರಂಭದಲ್ಲಿ ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಜೊತೆಗಾರ ವೈದ್ಯರು ಇದನ್ನು ರೂಪಿಸಿದರು. ಈಗ ಇದನ್ನು ‘ಒಟ್ಟಾವಾ ನಿಯಮ’ ಅಂತಲೇ ಕರೆಯುತ್ತಾರೆ. ಕಾಲು ಹೊರಳಿಸಿಕೊಂಡು ಬಂದವರಿಗೆಲ್ಲ ಎಕ್ಸ್‌ರೇ ತೆಗೆಯುತ್ತಿದ್ದ ಕಾಲದಲ್ಲಿ, ಮುರಿತ ಸಿಗುತ್ತಿದ್ದುದು ಸ್ವಲ್ಪ ಜನರಲ್ಲಿ ಮಾತ್ರ.

ಪಾದದ ಗಂಟಿನ ಎರಡೂ ಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಅದರ ತುದಿ ಮುಟ್ಟಿ. ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಮೂಳೆಯ ಹಿಂಬದಿ ಅಂಚನ್ನು ಒತ್ತುತ್ತಾ ಹೋಗಿ. ಮೆತ್ತಗೆ ಬಾತಿರುವ ಜಾಗವನ್ನಲ್ಲ, ಮೂಳೆಯನ್ನೇ ಒತ್ತಬೇಕು. ನೋವು ಪಾದದ ನಡುಭಾಗದಲ್ಲಿದ್ದರೆ ಇನ್ನೆರಡು ಜಾಗ ಒತ್ತಿ ನೋಡಿ. ಒಂದು, ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ನೇರಕ್ಕೆ ನಡುವೆ ಸಿಗುವ ಮೂಳೆಯ ಉಬ್ಬು. ಇನ್ನೊಂದು, ಒಳಬದಿಯಲ್ಲಿ ಅಂಗಾಲಿನ ಕಮಾನಿನ ಮೇಲಿರುವ ಮೂಳೆ. ಆಮೇಲೆ 4 ಹೆಜ್ಜೆ ನಡೆಯಲು ಹೇಳಿ. ಕುಂಟಿದರೂ ಪರವಾಗಿಲ್ಲ, ಕಾಲಿನ ಮೇಲೆ ಭಾರ ಬಿದ್ದರೆ ಸಾಕು.

ಈ ಜಾಗಗಳಲ್ಲಿ ಮೂಳೆ ಒತ್ತಿದಾಗ ನೋವಿಲ್ಲ, ಪೆಟ್ಟು ಬಿದ್ದಾಗಲೂ ಈಗಲೂ 4 ಹೆಜ್ಜೆ ನಡೆಯಲಾಗುತ್ತಿದೆ ಅಂದರೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಎಕ್ಸ್‌ರೇಗಾಗಿ ದೂರ ಹೋಗಬೇಕಿಲ್ಲ. ಒಂದು ಕಡೆ ನೋವಿದ್ದರೂ, ನಡೆಯಲಾಗದಿದ್ದರೂ ಎಕ್ಸ್‌ರೇ ಬೇಕು. ಕುಡಿದವರು, ಬೇರೆ ಕಡೆ ದೊಡ್ಡ ಪೆಟ್ಟು ತಿಂದವರು, ಪಾದದಲ್ಲಿ ಸ್ಪರ್ಶವೇ ಇಲ್ಲದವರು ಮತ್ತು ಪುಟ್ಟ ಮಕ್ಕಳ ವಿಷಯದಲ್ಲಿ ಈ ನಿಯಮ ನಂಬಬೇಡಿ. ಅವರ ‘ನೋವಿಲ್ಲ’ ಅನ್ನುವ ಮಾತಿಗೆ ಅರ್ಥ ಬೇರೆ.

ಒಂದು ಗಾಯ ಮಾತ್ರ ತಜ್ಞರಲ್ಲದವರ ಕಣ್ಣು ತಪ್ಪಿಸುವುದರಲ್ಲಿ ಪಳಗಿದೆ. ಪಾದದ ನಡುವಿನ ಕೀಲುಗಳು ಸಡಿಲವಾಗುವ ಲಿಸ್‌ಫ್ರಾಂಕ್ ಗಾಯ ಅದು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಎಲ್ಲ ಸರಿ ಇದ್ದ ಹಾಗೆ ಕಾಣಬಹುದು. ಸುಳಿವು ಅಂಗಾಲಿನಲ್ಲಿದೆ. ಪಾದ ಹೊರಳಿದ ಮೇಲೆ ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ಅದನ್ನು ಉಳುಕು ಅನ್ನಬೇಡಿ, ಭಾರ ಹಾಕಬೇಡಿ, ತಜ್ಞರಿಗೆ ತೋರಿಸಿ.

ಬರಿಯ ಉಳುಕಾದರೆ ಮನೆಯಲ್ಲೇ ವಾಸಿಯಾಗುತ್ತದೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15–20 ನಿಮಿಷ ಇಡಿ. ಬ್ಯಾಂಡೇಜು ಕಟ್ಟಿ, ಕಾಲು ಎತ್ತರದಲ್ಲಿರಲಿ. ಆಮೇಲೆ ತಡೆದುಕೊಳ್ಳುವಷ್ಟು ನಡೆಯಿರಿ. ವಾರಗಟ್ಟಲೆ ಹಾಸಿಗೆ ಹಿಡಿದರೆ ಗಂಟು ಬಿಗಿಯಾಗುತ್ತದೆ. ನೋವು ಇಳಿದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಮತ್ತೆ ಮತ್ತೆ ಉಳುಕುವುದನ್ನು ತಡೆಯುವುದು ಇದೇ, ಆದರೆ ನೋವು ಹೋದ ಕೂಡಲೇ ಜನ ಬಿಟ್ಟುಬಿಡುವುದೂ ಇದನ್ನೇ. 6 ವಾರವಾದರೂ ಗಂಟು ಜಾರಿದಂತೆ ಆಗುತ್ತಿದ್ದರೆ ಆಗ ತಜ್ಞರ ಪಟ್ಟಿಗೆ ಸೇರಿಸಿ.

ಹಂತ 3: ಸಕ್ಕರೆ ಕಾಯಿಲೆ ಇರುವವರ ಪಾದ

ಇಲ್ಲಿ ನೋವಿಲ್ಲದಿರುವುದೇ ಅಪಾಯ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಾ ಇದನ್ನು ಕಂಡುಕೊಂಡರು. ಪಾದದ ಮಾಂಸ ತಾನಾಗಿ ಕೊಳೆಯುವುದಿಲ್ಲ. ನೋವು ತಿಳಿಯದ ಪಾದದ ಅದೇ ಜಾಗಕ್ಕೆ ದಿನವೂ ಬೀಳುವ ಒತ್ತಡವೇ ಹುಣ್ಣಾಗುತ್ತದೆ. ಮುಂದೆ ಇದೇ ತಿಳಿವಳಿಕೆ ಸಕ್ಕರೆ ಕಾಯಿಲೆಯ ಪಾದದ ಚಿಕಿತ್ಸೆಯನ್ನೂ ಬದಲಿಸಿತು. ಮುಲಾಮು ಹಚ್ಚುವುದಕ್ಕಿಂತ ಹುಣ್ಣಿನ ಮೇಲಿನ ಭಾರ ತೆಗೆಯುವುದು ಮುಖ್ಯ ಎಂದಾಯಿತು.

ಸ್ಪರ್ಶ ನೋಡಲು ಉಪಕರಣವೇ ಬೇಕಿಲ್ಲ. ರೋಗಿ ಕಣ್ಣು ಮುಚ್ಚಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಗೊತ್ತಾದಾಗ ‘ಎಡ’, ‘ಬಲ’ ಅನ್ನಲಿ. 6 ಜಾಗಗಳಲ್ಲಿ 2 ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕುಂದಿದೆ ಎಂದರ್ಥ. ಇದಕ್ಕೆ ‘ಇಪ್ಸ್‌ವಿಚ್ ಪರೀಕ್ಷೆ’ ಅನ್ನುತ್ತಾರೆ.

ಪರೀಕ್ಷೆಯ ಗಡುವು ಇದರ ಮೇಲೆ ನಿಂತಿದೆ. ಸ್ಪರ್ಶವೂ ರಕ್ತ ಸಂಚಾರವೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ ಪಾದ ತೋರಿಸಿದರೆ ಸಾಕು. ಎರಡರಲ್ಲೊಂದು ಕುಂದಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಎರಡೂ ಕುಂದಿದ್ದರೆ, ಅಥವಾ ಒಂದು ಕುಂದಿ ಅದರ ಜೊತೆ ಪಾದದ ಆಕಾರವೂ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಸ್ಪರ್ಶವೋ ರಕ್ತ ಸಂಚಾರವೋ ಕುಂದಿದವರಿಗೆ ಹಿಂದೆ ಹುಣ್ಣಾಗಿದ್ದರೆ ಅಥವಾ ಬೆರಳು ತೆಗೆಸಿದ್ದರೆ 1ರಿಂದ 3 ತಿಂಗಳಿಗೊಮ್ಮೆ. ಎಲ್ಲರೂ ಪ್ರತಿ ಸಲ ನಗರಕ್ಕೆ ಹೋಗಬೇಕಾಗಿಲ್ಲ. ತರಬೇತಾದ ಕಾರ್ಯಕರ್ತರು ಊರಲ್ಲೇ ನೋಡಿ, ಬದಲಾವಣೆ ಕಂಡವರನ್ನು ಮಾತ್ರ ಮುಂದಕ್ಕೆ ಕಳಿಸಬಹುದು.

ಇನ್ನು, ಸ್ಪರ್ಶ ಕುಂದಿದವರ ಒಂದು ಪಾದ ಬಿಸಿಯಾಗಿ, ಕೆಂಪಗೆ ಬಾತುಕೊಂಡಿದೆ, ಗಾಯವಿಲ್ಲ, ನೋವೂ ಅಷ್ಟಾಗಿಲ್ಲ ಅಂದರೆ ಗಾಬರಿಯಾಗಲೇಬೇಕು. ಇದು ಶಾರ್ಕೋ ಪಾದ ಆಗಿರಬಹುದು. ಒಳಗೆ ಮೂಳೆಗಳು ಕುಸಿಯುತ್ತಿರುತ್ತವೆ. ನಡೆದಷ್ಟೂ ಪಾದದ ಆಕಾರ ಕೆಡುತ್ತದೆ. ಎರಡೂ ಪಾದಗಳ ಒಂದೇ ಜಾಗದ ಬಿಸಿ ಅಳೆದು ನೋಡಿ. 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಎಚ್ಚರಿಕೆಯ ಗಂಟೆ. ಹಣೆಗೆ ಹಿಡಿದು ಜ್ವರ ನೋಡುವ ಥರ್ಮಾಮೀಟರಿನ ಬದಲು ಚರ್ಮದ ಬಿಸಿ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಬಳಸಿ. ವೈದ್ಯರು ನೋಡುವವರೆಗೆ ಆ ಕಾಲು ನೆಲಕ್ಕೆ ಊರಬಾರದು. ಊರುಗೋಲು, ಗಾಲಿಕುರ್ಚಿ ಏನಾದರೂ ಸರಿ.

ಹಂತ 4: ಫೋಟೊ, ವಿಡಿಯೊ ಕಳಿಸುವುದು

ದೂರದಿಂದಲೇ ಸಲಹೆ ಕೊಡುವ ವೈದ್ಯರಿಗೆ ಮೂರು ಮಸುಕು ಫೋಟೊ ಕಳಿಸಿದರೆ ‘ಬಂದು ತೋರಿಸಿ’ ಅನ್ನದೆ ಇನ್ನೇನು ಹೇಳಿಯಾರು? ಹಗಲು ಬೆಳಕಿನಲ್ಲಿ, ಒಂದೇ ಬಣ್ಣದ ಬಟ್ಟೆಯ ಮೇಲೆ ಪಾದವಿಟ್ಟು ತೆಗೆಯಿರಿ. ಹುಣ್ಣಿನ ಪಕ್ಕ ಒಂದು ಅಳತೆಪಟ್ಟಿ ಇರಲಿ. ಒಂದು ಹತ್ತಿರದಿಂದ, ಒಂದು ಇಡೀ ಪಾದ ಕಾಣುವಂತೆ. ಚೆನ್ನಾಗಿರುವ ಪಾದವನ್ನೂ ಜೊತೆಗಿಡಿ, ಹೋಲಿಕೆಗೆ ಅದೇ ಬೇಕು. ವಾರಕ್ಕೊಮ್ಮೆ ಕಳಿಸುವುದಾದರೆ ಅದೇ ಕೋನ, ಅದೇ ದೂರ.

ನಡಿಗೆ, ಆಕಾರದ ತೊಂದರೆಗೆ ಫೋಟೊಕ್ಕಿಂತ ವಿಡಿಯೊ ಮೇಲು. ಮೊಣಕಾಲಿನವರೆಗೆ ಬಟ್ಟೆ ಮಡಚಿ, ಬರಿಗಾಲಲ್ಲಿ ಕ್ಯಾಮೆರಾದಿಂದ ದೂರ ಹೋಗಿ ಮತ್ತೆ ಹತ್ತಿರ ಬರಲಿ. ಪಕ್ಕದಿಂದಲೂ ಒಮ್ಮೆ. ಆಮೇಲೆ ಬೆನ್ನು ತಿರುಗಿಸಿ ನಿಲ್ಲಿಸಿ. ಹಿಂದಿನಿಂದ ನೋಡಿದಾಗ ಒಂದು ಪಾದದ ಹೊರಬದಿಯಲ್ಲಿ ಬೆರಳುಗಳು ಹೆಚ್ಚು ಕಂಡರೆ ಕಮಾನು ಕುಸಿದಿದೆ ಅಂತ. ಕೊನೆಗೆ ಗೋಡೆ ಹಿಡಿದು ಒಂಟಿ ಕಾಲಿನ ತುದಿಯ ಮೇಲೆ ಏಳಲಿ. ಏಳಲಾಗದಿದ್ದರೆ, ಹಿಮ್ಮಡಿ ಒಳಕ್ಕೆ ತಿರುಗದಿದ್ದರೆ, ಕಮಾನು ಎತ್ತಿ ಹಿಡಿಯುವ ನಾರು ಸೋತಿದೆ. ಈ ಒಂದು ನಿಮಿಷದ ವಿಡಿಯೊ ತಜ್ಞರಿಗೆ ಬೇಕಾದ್ದನ್ನು ಬಹುಮಟ್ಟಿಗೆ ಹೇಳುತ್ತದೆ.

ಹಂತ 5: ಪ್ರಯಾಣದ ಚೀಲ

ಎಕ್ಸ್‌ರೇ ವಿಷಯದಲ್ಲಿ ಮೊದಲೇ ಫೋನ್ ಮಾಡಿ ಕೇಳಿ. ಚಪ್ಪಟೆ ಪಾದ, ಹೆಬ್ಬೆರಳು ವಾಲಿರುವುದು, ಕೀಲು ಸವೆತ ಇವಕ್ಕೆ ನಿಂತು ಭಾರ ಹಾಕಿ ತೆಗೆದ ಎಕ್ಸ್‌ರೇ ಬೇಕು. ಮಲಗಿಸಿ ತೆಗೆದದ್ದು ಈ ತೊಂದರೆಗಳಲ್ಲಿ ದಾರಿ ತಪ್ಪಿಸುತ್ತದೆ. ಹತ್ತಿರದ ಎಕ್ಸ್‌ರೇ ಕೇಂದ್ರದವರಿಗೆ ‘ನಿಲ್ಲಿಸಿ ತೆಗೆಯಿರಿ’ ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಮೊಬೈಲಲ್ಲಿ ಕ್ಲಿಕ್ಕಿಸಿದ ಎಕ್ಸ್‌ರೇಗಿಂತ ಸಿಡಿಯಲ್ಲಿ ಸಿಗುವ ಮೂಲ ಫೈಲ್ ಒಳ್ಳೆಯದು. ಮೂಳೆ ಮುರಿದು ನಿಲ್ಲಲಾಗದವರಿಗೆ ನಿಂತು ತೆಗೆಸುವ ಮಾತು ಅನ್ವಯಿಸುವುದಿಲ್ಲ.

ಮಾತ್ರೆಗಳ ಪಟ್ಟಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ. ಮತ್ತೆ, ಹಳೆಯ ಸವೆದ ಚಪ್ಪಲಿ ಅಥವಾ ಬೂಟು. ಹೊಸದು ಹಾಕಿಕೊಂಡು ಹೋಗುವವರೇ ಜಾಸ್ತಿ, ಅಲ್ವಾ? ಆದರೆ ಭಾರ ಎಲ್ಲಿ ಬೀಳುತ್ತಿದೆ ಎಂದು ತೋರಿಸುವುದು ಹಳೆಯದರ ತಳ.

ಹಂತ 6: ಅಲ್ಲಿ ಕೇಳಲೇಬೇಕಾದ ಪ್ರಶ್ನೆಗಳು

ಆಪರೇಷನ್ ಹೇಳಿದರೆ, ಎಷ್ಟು ವಾರ ಕಾಲು ಊರಬಾರದು ಎಂದು ಮೊದಲು ಕೇಳಿ. ಪಾದದ ಗಂಟನ್ನು ಬೆಸೆಯುವಂಥ ಆಪರೇಷನ್‌ನಲ್ಲಿ ಇದು 6 ವಾರ ಅಥವಾ ಇನ್ನೂ ಹೆಚ್ಚು. ಮೆಟ್ಟಿಲಿರುವ ಮನೆ, ಕಲ್ಲುದಾರಿ, ದೂರದ ಶೌಚಾಲಯ, ಇದೆಲ್ಲ ಅವರಿಗೆ ಗೊತ್ತಿರುವುದಿಲ್ಲ. ನೀವೇ ಹೇಳಬೇಕು. ಹೊಲಿಗೆ ಊರಲ್ಲೇ ಬಿಚ್ಚಬಹುದೇ? ಮುಂದಿನ ಭೇಟಿ ವಿಡಿಯೊದಲ್ಲಿ ಆಗುತ್ತದೆಯೇ? ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು? ಉತ್ತರವನ್ನು ಊರಿನ ವೈದ್ಯರಿಗೆ ಅರ್ಥವಾಗುವಂತೆ ಬರೆದು ಕೊಡಲು ಹೇಳಿ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡಿಕೊಳ್ಳದೆ ಉಳಿಯುವುದು ಹೆಚ್ಚು. ಕನಿಷ್ಠ 4 ವಾರ ಮೊದಲೇ ಬಿಟ್ಟರೆ ಒಳ್ಳೆಯದು.

ಹೊಸ ಪ್ಲಾಸ್ಟರ್ ಹಾಕಿಸಿಕೊಂಡು ದೂರ ಪ್ರಯಾಣ ಮಾಡುವುದಾದರೆ ಅದನ್ನು ಉದ್ದಕ್ಕೆ ಸೀಳಿಸಬೇಕಾ ಎಂದು ಕೇಳಿ. ಒಳಗೆ ಬಾತರೆ ಜಾಗ ಬೇಕು. ದಾರಿಯಲ್ಲಿ ಕಾಲು ಎತ್ತರದಲ್ಲಿಡಿ, ಬೆರಳು ಅಲ್ಲಾಡಿಸುತ್ತಿರಿ. ಮಾತ್ರೆಗೂ ಬಗ್ಗದೆ ನೋವು ಏರುತ್ತಿದ್ದರೆ ಅಥವಾ ಬೆರಳು ಜೋಮು ಹಿಡಿದರೆ ಮನೆ ಸೇರುವವರೆಗೆ ಕಾಯಬೇಡಿ. ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತು. ಆಗಲೂ ಹತ್ತಿರದ ಆಸ್ಪತ್ರೆಗೇ ಹೋಗಿ.

ಹಂತ 7: ತಜ್ಞರನ್ನೇ ಊರಿಗೆ ಕರೆಸುವುದಾದರೆ

ಕೆಲವು ಆಸ್ಪತ್ರೆಗಳ ತಂಡಗಳು ದೂರದೂರುಗಳಿಗೆ ಬಂದು ಒಂದು ದಿನ ರೋಗಿಗಳನ್ನು ನೋಡುತ್ತವೆ. ಆ ದಿನ ಹಿಮ್ಮಡಿ ನೋವಿನವರೇ ಸಾಲು ತುಂಬಿಬಿಡುತ್ತಾರೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಚುಚ್ಚುವ ನೋವು ಬಹುತೇಕ ಜನರಲ್ಲಿ ಆಪರೇಷನ್ ಇಲ್ಲದೆಯೇ ಹೋಗುತ್ತದೆ. ಹಾಸಿಗೆಯಿಂದ ಇಳಿಯುವ ಮೊದಲೇ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡು ಹಿಡಿಯಿರಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ತಿಂಗಳುಗಟ್ಟಲೆ ಮಾಡಿಯೂ ಕಡಿಮೆಯಾಗದವರಿಗೆ ಮಾತ್ರ ಸರದಿ ಕೊಡಿ.

ಮುಂದಿನ ಸಾಲಿನಲ್ಲಿರಬೇಕಾದವರು ವಾಸಿಯಾಗದ ಹುಣ್ಣಿನವರು ಮತ್ತು ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟಿದ ಶಿಶುಗಳು. ಶಿಶುಗಳನ್ನಂತೂ ತಂಡ ಬರುವ ದಿನಕ್ಕಾಗಿ ಕಾಯಿಸಲೂಬಾರದು. ಇಗ್ನೇಷಿಯೊ ಪೊನ್ಸೆಟಿ ಎಂಬ ಮೂಳೆ ವೈದ್ಯರು ರೂಪಿಸಿದ ವಿಧಾನದಲ್ಲಿ ಹುಟ್ಟಿದ ಮೊದಲ ವಾರಗಳಲ್ಲೇ ಪಾದವನ್ನು ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಹಾಕಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ಸಾಮಾನ್ಯವಾಗಿ 5–7 ಪ್ಲಾಸ್ಟರ್ ಬೇಕು. ಆಮೇಲೆ ಅನೇಕ ಮಕ್ಕಳಿಗೆ ಹಿಮ್ಮಡಿಯ ನಾರಿಗೆ ಒಂದು ಪುಟ್ಟ ಕೊಯ್ತ. ಪಾದ ತಿರುಗಿಸಿ ಪ್ಲಾಸ್ಟರ್ ಹಾಕಲು ಶಸ್ತ್ರವೈದ್ಯರೇ ಆಗಬೇಕೆಂದಿಲ್ಲ. ಆಫ್ರಿಕಾದ ಮಲಾವಿಯಲ್ಲಿ ವೈದ್ಯರಲ್ಲದ, ತರಬೇತಾದ ಕ್ಲಿನಿಕಲ್ ಆಫೀಸರ್‌ಗಳೇ ಇದನ್ನು ಮಾಡಿ ತೋರಿಸಿದ್ದಾರೆ. ಪ್ರತಿ ವಾರ ಬರಲಾಗದ ಕುಟುಂಬಕ್ಕೆ ಕೆಲವು ಕಡೆ ಆಸ್ಪತ್ರೆಯ ಹತ್ತಿರವೇ ಉಳಿಸಿಕೊಂಡು ವಾರಕ್ಕೆ ಎರಡು ಸಲ ಪ್ಲಾಸ್ಟರ್ ಬದಲಿಸುತ್ತಾರೆ. ಅದನ್ನು ಕೇಳಿ ನೋಡಿ.

ಪ್ಲಾಸ್ಟರ್ ಮುಗಿದ ಮೇಲೆ ಕಂಬಿ ಜೋಡಿಸಿದ ಬೂಟು. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ನಿದ್ದೆಯ ಹೊತ್ತಿನಲ್ಲಿ, ಸುಮಾರು 4 ವರ್ಷದವರೆಗೆ. ಪಾದ ನೆಟ್ಟಗಾಯಿತಲ್ಲ ಎಂದು ಮನೆಯವರು ಬೂಟು ಬಿಡಿಸುವುದೇ ಪಾದ ಮತ್ತೆ ತಿರುಚಿಕೊಳ್ಳಲು ಮುಖ್ಯ ಕಾರಣ. ಬೂಟು ಚಿಕ್ಕದಾದಾಗ ಹೊಸದು ಯಾರು ಕೊಡುತ್ತಾರೆ, ಅಂಚೆಯಲ್ಲಿ ಬರುತ್ತದೆಯೇ, ಅಳತೆ ಕಳಿಸುವುದು ಹೇಗೆ ಎಂಬುದನ್ನು ಮೊದಲ ಜೊತೆ ಕೈಗೆ ಸಿಕ್ಕ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.