ಮೆಮೊರಿ ಏರದಿದ್ದರೂ ಸೋರುತ್ತಿದ್ದ ಪ್ರೋಗ್ರಾಮ್: ನನ್ನ ಅನುಭವ

ಬೆಳಿಗ್ಗೆ ತೆರೆದರೆ ರಾತ್ರಿಯೇ ಮುಚ್ಚುವ ಬಿಲ್ಲಿಂಗ್ ಪ್ರೋಗ್ರಾಮ್ ಅದು. ಸಿ ಪ್ಲಸ್ ಪ್ಲಸ್‌ನಲ್ಲಿ, ನೇರವಾಗಿ ವಿನ್32 (ವಿಂಡೋಸ್‌ನ ಮೂಲ ಫಂಕ್ಷನ್‌ಗಳು) ಮೇಲೆ ಬರೆದದ್ದು. ಮಧ್ಯಾಹ್ನ ಕಳೆದ ಮೇಲೆ ಬಟನ್‌ಗಳ ಅಕ್ಷರ ಮಾಯ, ಅಲ್ಲಲ್ಲಿ ಕಪ್ಪು ಚೌಕ. ಮುಚ್ಚಿ ತೆರೆದರೆ ಎಲ್ಲ ಸರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಮೆಮೊರಿ ಏರಿಯೇ ಇರಲಿಲ್ಲ ಅನ್ನಬಹುದು.

ಇಂಥ ಲಕ್ಷಣ ಕಂಡರೆ ಹೀಪ್ (ಪ್ರೋಗ್ರಾಮ್ ಓಡುವಾಗ ಕೇಳಿ ಪಡೆಯುವ ಮೆಮೊರಿ) ಕಡೆ ಹೋಗಬೇಡಿ. ಮೊದಲು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ 'ಜಿಡಿಐ ಆಬ್ಜೆಕ್ಟ್ಸ್' ಕಾಲಮ್ ಹಾಕಿಕೊಳ್ಳಿ. ಜಿಡಿಐ ಅಂದರೆ ಪರದೆಯ ಮೇಲೆ ಚಿತ್ರ, ಅಕ್ಷರ ಮೂಡಿಸುವ ವಿಂಡೋಸ್‌ನ ಭಾಗ. ಪೆನ್, ಬ್ರಷ್, ಫಾಂಟ್, ಬಿಟ್‌ಮ್ಯಾಪ್ ಎಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಒಂದು ಪ್ರೋಸೆಸ್‌ಗೆ ವಿಂಡೋಸ್ ಇಟ್ಟಿರುವ ಮಿತಿ 10,000. ಅದು ಮುಗಿದರೆ ಹೊಸ ಫಾಂಟ್ ಹುಟ್ಟುವುದಿಲ್ಲ, ಅಕ್ಷರ ಮೂಡುವುದಿಲ್ಲ. ರಿಜಿಸ್ಟ್ರಿಯಲ್ಲಿ ಮಿತಿ ಏರಿಸಬಹುದು ನಿಜ. ಆದರೆ ಅದು ಸೋರುವ ಸೂರಿನ ಕೆಳಗೆ ಇನ್ನೂ ದೊಡ್ಡ ಪಾತ್ರೆ ಇಟ್ಟ ಹಾಗೆ.

ಆಮೇಲೆ ಕೋಡ್ ಓದುತ್ತಾ ಕೂರಲಿಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದೆ: ಸರಕಿನ ಪಟ್ಟಿಯ ಡೈಲಾಗ್ ತೆರೆ, ಮುಚ್ಚು. ಮೊದಲ ಸಲ ಎಣಿಕೆ ಏರುವುದು ಸಹಜ, ಎಷ್ಟೋ ಐಕಾನ್, ಫಾಂಟ್ ಆಗ ಲೋಡ್ ಆಗಿ ಉಳಿಯುತ್ತವೆ. ಎರಡನೆಯದರ ನಂತರವೂ ಏರಿದರೆ ಅದು ಸೋರಿಕೆ, ಅಂದರೆ ಪಡೆದದ್ದನ್ನು ವಾಪಸ್ ಕೊಡುತ್ತಿಲ್ಲ. ನಿರ್‌ಸಾಫ್ಟ್‌ನ ಜಿಡಿಐವ್ಯೂ ಎಂಬ ಪುಟ್ಟ ಉಚಿತ ಸಾಧನ ಯಾವ ಬಗೆಯದು ಎಷ್ಟು ಎಂದು ಬಿಡಿಸಿ ತೋರಿಸುತ್ತದೆ. ಫಾಂಟ್ ಅಲ್ಲಾಡಲಿಲ್ಲ, ಬ್ರಷ್ ಅಲ್ಲಾಡಲಿಲ್ಲ. ಬಿಟ್‌ಮ್ಯಾಪ್ ಮಾತ್ರ ಒಂದೊಂದು ಐಕಾನ್‌ಗೂ ಎರಡೆರಡು ಏರುತ್ತಿತ್ತು.

ಆ 'ಎರಡು' ದಾರಿ ತೋರಿಸಿತು. ಐಕಾನ್‌ನ ಅಳತೆ ತಿಳಿಯಲು ಗೆಟ್‌ಐಕಾನ್‌ಇನ್ಫೋ ಎಂಬ ವಿಂಡೋಸ್ ಫಂಕ್ಷನ್ ಕರೆದಿದ್ದೆವು. ಹೆಸರು ಕೇಳಿದರೆ ಸುಮ್ನೆ ಮಾಹಿತಿ ಕೊಡುತ್ತದೆ ಅನ್ನಿಸುತ್ತದೆ, ಅಲ್ವಾ? ಆದರೆ ಬಣ್ಣದ ಐಕಾನ್‌ಗೆ ಅದು ಮಾಸ್ಕ್ (ಯಾವ ಭಾಗ ಪಾರದರ್ಶಕ ಎಂದು ಹೇಳುವುದು) ಒಂದು, ಬಣ್ಣ ಒಂದು, ಹೀಗೆ ಎರಡು ಹೊಸ ಬಿಟ್‌ಮ್ಯಾಪ್ ಮಾಡಿ ಕೈಗಿಡುತ್ತದೆ. ನಾವು ಅವನ್ನು ಅಳಿಸಿಯೇ ಇರಲಿಲ್ಲ. ಎರಡನ್ನೂ ಡಿಲೀಟ್‌ಆಬ್ಜೆಕ್ಟ್ ಎಂಬ ಅಳಿಸುವ ಫಂಕ್ಷನ್‌ಗೆ ಕೊಟ್ಟೆ. ಎಣಿಕೆ ನಿಂತಿತು.

ಡಿಲೀಟ್‌ಆಬ್ಜೆಕ್ಟ್ ಕರೆದರೂ ಪೆನ್, ಫಾಂಟ್ ಸೋರುವುದುಂಟು. ಅದು ಇನ್ನೂ ಡಿವೈಸ್ ಕಾಂಟೆಕ್ಸ್ಟ್‌ನಲ್ಲಿ (ವಿಂಡೋಸ್ ಚಿತ್ರ ಬರೆಯಲು ಕೊಡುವ ಹಲಗೆ ಎನ್ನಿ) ಸೆಲೆಕ್ಟ್ ಆಗಿದ್ದರೆ, ಅಂದರೆ ಬಳಕೆಯಲ್ಲಿದ್ದರೆ, ಅಳಿಸಬಾರದು. ಹಳೆಯದನ್ನು ವಾಪಸ್ ಸೆಲೆಕ್ಟ್ ಮಾಡಿ, ಆಮೇಲೆ ಅಳಿಸಬೇಕು.

ಈಗ ನಮ್ಮ ಡಿಬಗ್ ಬಿಲ್ಡ್‌ನ (ದೋಷ ಹುಡುಕಲು ನಾವೇ ಬಳಸುವ ಆವೃತ್ತಿ) ಸ್ಟೇಟಸ್ ಬಾರ್‌ನಲ್ಲಿ ಗೆಟ್‌ಗುಯಿರಿಸೋರ್ಸಸ್ ಎಂಬ ಫಂಕ್ಷನ್ ಕೊಡುವ ಜಿಡಿಐ ಎಣಿಕೆ ಸದಾ ಕಾಣುತ್ತದೆ. ಹೊಸ ಡೈಲಾಗ್ ಬರೆದವರು ಅದನ್ನು ನಾಲ್ಕಾರು ಸಲ ತೆರೆದು ಮುಚ್ಚಿ, ಅಂಕಿ ನಿಂತಿದೆಯೇ ನೋಡಿಯೇ ಕೋಡ್ ಒಪ್ಪಿಸುತ್ತಾರೆ.